ಪರದೇಶದ ಹೊಟೇಲಿನಲ್ಲಿ ನಾವು ಗಿರಾಕಿಗಳಾದಾಗ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದ ದೊಡ್ಡ ಊರುಗಳ ಹೊಟೇಲುಗಳಲ್ಲಿ ಕೋಣೆ ಗೊತ್ತುಮಾಡುವುದು ಹೇಗೆ, ಅಲ್ಲಿ ಇರುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರಿ ಸಮಿತಿಯವರು ಸಂಜೆ ಹೊತ್ತು ಸಂಘದ ಕಚೇರಿಯಲ್ಲಿ ಕುಳಿತು ಸದಸ್ಯರ ಅರ್ಜಿ ತುಂಬಿಕೊಡುವ ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯ ಕೇಳಿದೊಡನೆ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗಬೇಕಾದದ್ದೇ. ಗಿರಾಕಿ ಎದ್ದುಹೋದ ಟೇಬಲ್ಲನ್ನು ಹಗಲೆಲ್ಲ ಒರೆಸಿ, ರಾತ್ರಿ ಅದೇ ಟೇಬಲ್ಲುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗಿದವರು ನಾವು. ಮೂರು ಪಾಳಿಯ ಗಿರಣಿಯಲ್ಲಿ ದುಡಿದು, ಒಂದೇ ಖೋಲಿಯಲ್ಲಿ ಒಬ್ಬನು ಎದ್ದ ಚಾಪೆಯ ಮೇಲೆ ಇನ್ನೊಬ್ಬನು ಮಲಗಿ ದಿನ ಕಳೆದವರು ನಾವು. ನಮಗೆ ಪರದೇಶದ ಹೊಟೇಲಿನ ಮಾತೇಕೆ?

ಆದರೆ ಬಂಧುಗಳೇ, ಕಾಲ ಒಂದು ಸುತ್ತು ತಿರುಗಿದೆ. ೧೯೮೨ರ ಜನವರಿ ೧೮ರಂದು ಮುಂಬಯಿಯ ಗಿರಣಿ ಮುಷ್ಕರ ಸುರುವಾಯಿತು. ಆ ಮೇಲೆ ಒಂದೊಂದಾಗಿ ಗಿರಣಿಗಳ ಭೋಂಗಾ ನಿಂತುಹೋಯಿತು. ಕೆಲಸ ಕಳೆದುಕೊಂಡ ನಮ್ಮವರು ಹೊಟೇಲಿನ ಗಲ್ಲಾದ ಹಿಂದೆ ನಿಂತು, ಕ್ಯಾಂಟೀನುಗಳಲ್ಲಿ ದುಡಿದು, ಮಕ್ಕಳನ್ನು ಓದಿಸಿದರು. ಆ ಮಕ್ಕಳು ಇಂದು ದುಬೈಯಲ್ಲಿದ್ದಾರೆ, ಸಿಂಗಾಪುರದಲ್ಲಿದ್ದಾರೆ, ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿದ್ದಾರೆ. "ಅಪ್ಪ, ಅಮ್ಮ, ಒಮ್ಮೆ ಬಂದು ಹೋಗಿ" ಎಂದು ಕರೆಯುತ್ತಾರೆ. ಕರೆಯುವ ಮಗನಿಗೆ ಅಲ್ಲಿ ಇರುವುದು ಆರು ಜನರ ನಡುವೆ ಒಂದು ಮಂಚ. ಅಪ್ಪ ಅಮ್ಮನನ್ನು ಎಲ್ಲಿ ಇರಿಸಿಯಾನು? ಹೊಟೇಲಿನಲ್ಲೇ ಇರಿಸಬೇಕು. ಆದುದರಿಂದ ಈ ಮಾತು ಶ್ರೀಮಂತರದಲ್ಲ, ನಮ್ಮದೇ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಅನುಭವದಿಂದ ಆರಂಭಿಸುತ್ತೇವೆ. ಹೆಸರು ಬೇಡ, ಹೇಳಲು ಅವರ ಒಪ್ಪಿಗೆ ಪಡೆದಿದ್ದೇವೆ. ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದವರು. ಮಗ ದುಬೈಯ ಒಂದು ಹೊಟೇಲಿನಲ್ಲಿ ಅಡಿಗೆಯವ. ಮಗ ಮೂರು ದಿನದ ರಜೆ ಹಾಕಿ, ತಂದೆತಾಯಿಗಾಗಿ ೧೦ನೆಯ ತಾರೀಖಿನಿಂದ ಕೋಣೆ ಗೊತ್ತುಮಾಡಿದ. ವಿಮಾನ ಮುಂಬಯಿಯಿಂದ ಹೊರಟದ್ದು ೯ರ ರಾತ್ರಿ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಇಳಿದಾಗ ೧೦ನೆಯ ತಾರೀಖಿನ ಬೆಳಗಿನ ಜಾವ ಒಂದು ಗಂಟೆ. ಹೊಟೇಲು ಮುಟ್ಟಿದಾಗ ಮೂರು. ಗುಮಾಸ್ತ ಪುಸ್ತಕ ನೋಡಿ, "ತಮ್ಮ ಕೋಣೆ ಮಧ್ಯಾಹ್ನ ಎರಡು ಗಂಟೆಗೆ" ಎಂದ. ಈಗಲೇ ಬೇಕಾದರೆ ಇನ್ನೊಂದು ರಾತ್ರಿಯ ಬಾಡಿಗೆ ಕೊಡಬೇಕು. ಕೈಯಲ್ಲಿ ಅಷ್ಟು ಹಣವಿಲ್ಲ. ಒಳಗೆ ಮೆತ್ತನೆಯ ಸೋಫಾಗಳಿದ್ದುವು. ಆದರೂ ಆ ಗಂಡಹೆಂಡಿರು ಹೊರಗೆ ಬಂದು ಮೆಟ್ಟಿಲಿನ ಮೇಲೆ ಕುಳಿತರು. "ಯಾಕೆ?" ಎಂದು ನಾವು ಕೇಳಿದಾಗ ಅವರು ಹೇಳಿದ ಮಾತು ಇಷ್ಟೇ: "ಒಳಗೆ ಕೂತರೆ ಏಳಿ ಅಂತಾರೇನೋ ಅಂತ ಅನಿಸಿತು."

ಗುಮಾಸ್ತನ ತಪ್ಪೇನೂ ಇಲ್ಲ, ನಿಯಮದಂತೆ ಹೇಳಿದ. ಸೋಫಾದಿಂದ ಏಳಿಸುವವರೂ ಇರಲಿಲ್ಲ. ಕೋಣೆ ಗೊತ್ತುಮಾಡಿದ ಗಿರಾಕಿಗೆ ಆ ಸೋಫಾದಲ್ಲಿ ಕೂರುವ ಹಕ್ಕಿದೆ. ನಮ್ಮವರಿಗೆ ಕಡಿಮೆಯಾದದ್ದು ಇಂಗ್ಲಿಷು ಎಂದು ಎಲ್ಲರೂ ತಿಳಿಯುತ್ತಾರೆ. ಅಲ್ಲ, ಬಂಧುಗಳೇ. ಕಡಿಮೆಯಾದದ್ದು ಕೇಳುವ ಅಭ್ಯಾಸ. ಜನ್ಮವೆಲ್ಲ ಗಿರಾಕಿಗೆ "ಏನು ಬೇಕು?" ಎಂದು ಕೇಳಿದ ನಮಗೆ, "ನನಗೆ ಇದು ಬೇಕು" ಎನ್ನಲು ನಾಲಿಗೆ ಏಳುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬುದು ನಮ್ಮದೇ ಗಾದೆ. ಇಂದಿನ ನಮ್ಮ ಮಾತೆಲ್ಲ ಯಾವಾಗ ಏನು ಕೇಳಬೇಕು ಎಂಬುದರ ಮೇಲೆಯೇ.

ಮೊದಲನೆಯದು ತಾರೀಖು. ನಮ್ಮ ಕಡೆಯ ಎಷ್ಟೋ ಲಾಡ್ಜುಗಳಲ್ಲಿ ಕಾಲಿಟ್ಟ ಗಳಿಗೆಯಿಂದ ಇಪ್ಪತ್ತನಾಲ್ಕು ತಾಸಿನ ಲೆಕ್ಕ. ಪರದೇಶದ ಹೊಟೇಲಿನಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಮಧ್ಯಾಹ್ನ ೨ ಅಥವಾ ೩ಕ್ಕೆ ಕೋಣೆ ಕೊಡುತ್ತಾರೆ. ಹೊರಡುವ ದಿನ ೧೧ ಅಥವಾ ೧೨ಕ್ಕೆ ಬಿಡಬೇಕು. ನಡುವಿನ ತಾಸುಗಳು ಕೋಣೆ ತೊಳೆದು ಹಾಸಿಗೆ ಬದಲಿಸುವ ಕೆಲಸಗಾರರವು. ಆದುದರಿಂದ ವಿಮಾನ ನಡುರಾತ್ರಿ ಕಳೆದು ಇಳಿಯುವುದಾದರೆ, ಹಿಂದಿನ ದಿನದ ತಾರೀಖಿನಿಂದಲೇ ಕೋಣೆ ಗೊತ್ತುಮಾಡಬೇಕು. ಹಾಗೆ ಮಾಡಿ, "ನಾವು ಬರುವುದು ರಾತ್ರಿ ಮೂರಕ್ಕೆ, ಕೋಣೆ ಬಿಟ್ಟುಕೊಡಬೇಡಿ" ಎಂದು ಹೊಟೇಲಿಗೆ ತಿಳಿಸಿಡಬೇಕು. ಇಲ್ಲವಾದರೆ ಬರಲಿಲ್ಲವೆಂದು ಲೆಕ್ಕ ಹಾಕಿ ಕೋಣೆಯನ್ನು ಬೇರೆಯವರಿಗೆ ಕೊಟ್ಟಾರು. ಬೆಳಿಗ್ಗೆ ಏಳೆಂಟಕ್ಕೆ ಇಳಿಯುವವರು ಒಂದು ರಾತ್ರಿಯ ಹಣ ಹೆಚ್ಚಿಗೆ ಕೊಡಬೇಕಾಗಿಲ್ಲ. ಪೆಟ್ಟಿಗೆಗಳನ್ನು ಹೊಟೇಲಿನಲ್ಲಿ ಇರಿಸಿ ಊರು ನೋಡಲು ಹೋಗಬಹುದು. ಹೆಚ್ಚಿನ ಕಡೆ ಇದಕ್ಕೆ ಹಣವಿಲ್ಲ. ಕೋಣೆ ಬೇಗ ತಯಾರಾದರೆ ಕೊಡುವಿರಾ ಎಂದು ಕೇಳಿಯೂ ನೋಡಬಹುದು. ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ.

ಎರಡನೆಯದು ದರ. ಬರೆದ ದರವೇ ಕೊಡುವ ದರ ಎಂದು ನಂಬಬಾರದು. ಸಿಂಗಾಪುರದಲ್ಲಿ ದರದ ಮುಂದೆ ಕೂಡಿಸುವ ಚಿಹ್ನೆ ಎರಡು ಸಲ, ++ ಎಂದು, ಹಾಕಿರುತ್ತಾರೆ. ಒಂದು ಚಿಹ್ನೆ ೧೦ ಶೇಕಡಾ ಸೇವಾಶುಲ್ಕಕ್ಕೆ. ಇನ್ನೊಂದು ಸರಕಾರದ ತೆರಿಗೆಗೆ. ಆ ತೆರಿಗೆ ೨೦೨೪ರ ಜನವರಿಯಿಂದ ೯ ಶೇಕಡಾ. ೧೦೦ ಡಾಲರಿನ ಕೋಣೆಗೆ ಸೇವಾಶುಲ್ಕ ಸೇರಿ ೧೧೦ ಆಯಿತು. ಅದರ ಮೇಲೆ ತೆರಿಗೆ ಸೇರಿ ೧೧೯ ಡಾಲರು ೯೦ ಸೆಂಟು. ನ್ಯೂಯಾರ್ಕಿನಲ್ಲಿ ತೆರಿಗೆಗಳೆಲ್ಲ ಸೇರಿ ೧೪.೭೫ ಶೇಕಡಾ, ಜೊತೆಗೆ ರಾತ್ರಿಯೊಂದಕ್ಕೆ ಮೂರೂವರೆ ಡಾಲರು. ೨೦೦ ಡಾಲರಿನ ಕೋಣೆಗೆ ಕೊಡಬೇಕಾದದ್ದು ೨೩೩. ಅಮೆರಿಕದಲ್ಲಿ ಇದರ ಮೇಲೆ 'ರಿಸಾರ್ಟ್ ಫೀ' ಎಂದೂ 'ಡೆಸ್ಟಿನೇಷನ್ ಫೀ' ಎಂದೂ ಹೊಟೇಲಿನವರು ಕೊನೆಗೆ ಒಂದು ಮೊತ್ತ ಸೇರಿಸುತ್ತಿದ್ದರು. ೨೦೨೫ರ ಮೇ ೧೨ರಿಂದ ಜಾರಿಗೆ ಬಂದ ನಿಯಮದಂತೆ ಇಂಥ ಕಡ್ಡಾಯದ ಶುಲ್ಕಗಳನ್ನು ಮೊದಲು ತೋರಿಸುವ ದರದಲ್ಲೇ ಸೇರಿಸಬೇಕು. ಸರಕಾರದ ತೆರಿಗೆ ಮಾತ್ರ ಆಮೇಲೆ ಸೇರಿಸಬಹುದು. ದುಬೈಯಲ್ಲಿ ೨೦೧೪ರಿಂದ 'ಟೂರಿಸಂ ದಿರ್ಹಮ್' ಎಂಬ ಶುಲ್ಕ ಇದೆ. ಹೊಟೇಲಿನ ದರ್ಜೆಯಂತೆ ಕೋಣೆಗೆ ರಾತ್ರಿಯೊಂದಕ್ಕೆ ೭ರಿಂದ ೨೦ ದಿರ್ಹಮು. ಮುಂಗಡ ಹಣವೆಲ್ಲ ಕೊಟ್ಟಿದ್ದರೂ ಇದನ್ನು ಅಲ್ಲಿ ಹೋದಮೇಲೆ ಕೇಳುವುದುಂಟು. ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲ, "ಹಣ ಕೊಟ್ಟಾಗಿದೆಯಲ್ಲ, ಮತ್ತೆ ಯಾಕೆ?" ಎಂದು ಗಾಬರಿಯಾದರು. ಆದುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಎಲ್ಲ ಸೇರಿ ಒಟ್ಟು ಎಷ್ಟು, ಅಲ್ಲಿಗೆ ಬಂದಮೇಲೆ ಇನ್ನೇನು ಕೊಡಬೇಕು?"

ದರದ ಜೊತೆಗೇ ಕರಾರನ್ನೂ ಓದಬೇಕು. ಒಂದೇ ಕೋಣೆಗೆ ಎರಡು ದರ ಇರುತ್ತದೆ. ಕಡಿಮೆ ದರದ್ದು ಹಣ ಹಿಂದಿರುಗದ ಕರಾರು. ಹೆಚ್ಚಿನದ್ದು ಇಂಥ ದಿನದೊಳಗೆ ಬೇಡವೆಂದರೆ ಹಣ ವಾಪಸು ಕೊಡುವ ಕರಾರು. ವೀಸಾ ಕೈಗೆ ಬರುವ ಮೊದಲು ಯಾವ ಕಾರಣಕ್ಕೂ ಹಣ ಹಿಂದಿರುಗದ ಕೋಣೆ ತೆಗೆಯಬೇಡಿ. ವೀಸಾ ಅರ್ಜಿಗೆ ವಸತಿಯ ಕಾಗದ ಬೇಕೆಂದಾಗ, "ನಾವು ಒಂದು ಕಾಗದ ಮಾಡಿಕೊಡುತ್ತೇವೆ" ಎನ್ನುವ ಏಜೆಂಟರಿದ್ದಾರೆ. ಅದು ಸುಳ್ಳು ಕಾಗದ. ರಾಯಭಾರ ಕಚೇರಿಯವರು ಹೊಟೇಲಿಗೆ ವಿಚಾರಿಸಿದರೆ ವೀಸಾ ಹೋಗುತ್ತದೆ, ಮುಂದಿನ ಅರ್ಜಿಗೂ ಕಲೆ ಹತ್ತುತ್ತದೆ. ರದ್ದು ಮಾಡಬಹುದಾದ ನಿಜವಾದ ಕೋಣೆಯನ್ನೇ ಗೊತ್ತುಮಾಡಿ.

ಮೂರನೆಯದು ಕೋಣೆ ಮತ್ತು ಜಾಗ. ದರ ಕೋಣೆಗೋ, ತಲೆಗೋ ಎಂದು ಕೇಳಬೇಕು. ಜಪಾನಿನಂಥ ಕಡೆ ತಲೆಯ ಲೆಕ್ಕವೂ ಉಂಟು. ಇಬ್ಬರಿಗೆಂದು ತೆಗೆದ ಕೋಣೆಯಲ್ಲಿ ಮೂರನೆಯವನಾಗಿ ಮಗ ಬಂದು ಮಲಗಲು ಹೊಟೇಲಿನವರ ಒಪ್ಪಿಗೆ ಬೇಕು. 'ಡಬಲ್' ಎಂದರೆ ಇಬ್ಬರಿಗೆ ಒಂದು ದೊಡ್ಡ ಮಂಚ. 'ಟ್ವಿನ್' ಎಂದರೆ ಬೇರೆ ಬೇರೆ ಎರಡು ಮಂಚ. ಲಂಡನ್ನಿನಲ್ಲಿ ಪ್ಯಾಡಿಂಗ್ಟನ್, ಅರ್ಲ್ಸ್ ಕೋರ್ಟ್ ಸುತ್ತಮುತ್ತ ಕಡಿಮೆ ದರದ ಹೊಟೇಲುಗಳು ಬಹಳ. ಅವುಗಳಲ್ಲಿ ಅನೇಕವು ಹಳೆಯ ಮನೆಗಳು. ಮೆಟ್ಟಿಲು ಕಿರಿದು, ಕೆಲವಕ್ಕೆ ಲಿಫ್ಟಿಲ್ಲ, ಕೆಲವು ಕೋಣೆಗಳು ನೆಲಮಾಳಿಗೆಯಲ್ಲಿ. ಮೊಣಕಾಲು ನೋವಿನ ತಾಯಂದಿರಿಗಾಗಿ "ಲಿಫ್ಟಿದೆಯೇ?" ಎಂದು ಮೊದಲೇ ಕೇಳಿ. ನ್ಯೂಯಾರ್ಕಿನಲ್ಲಿ ಮೊದಲನೆಯ ಮಾಳಿಗೆ ಎಂದರೆ ನೆಲದ ಮಟ್ಟವೇ, ಅದನ್ನೂ ನೆನಪಿಡಿ.

ಊರ ಹೊರಗೆ ಅಗ್ಗದ ಕೋಣೆ ಹಿಡಿದು, ಉಳಿಸಿದ್ದನ್ನು ಟ್ಯಾಕ್ಸಿಗೆ ಸುರಿಯಬೇಡಿ. ರೈಲು ನಿಲ್ದಾಣದಿಂದ ನಡೆಯುವಷ್ಟು ಹತ್ತಿರ ಇರಲಿ. ದುಬೈಯಲ್ಲಿ ಮೆಟ್ರೋ ೨೦೦೯ರಿಂದ ಓಡುತ್ತಿದೆ. ದೇರಾ, ಬರ್ ದುಬೈ, ಕರಾಮಾ ಕಡೆ ನಮ್ಮ ಊಟ ತಿಂಡಿಗೆ ಕೊರತೆಯಿಲ್ಲ. ಸಿಂಗಾಪುರದಲ್ಲಿ ಸೆರಂಗೂನ್ ರಸ್ತೆಯ ಲಿಟಲ್ ಇಂಡಿಯಾ, ಲಂಡನ್ನಿನಲ್ಲಿ ಯೂಸ್ಟನ್ ನಿಲ್ದಾಣದ ಬಳಿಯ ಡ್ರಮ್ಮಂಡ್ ಬೀದಿ, ನ್ಯೂಯಾರ್ಕಿನಲ್ಲಿ ಕ್ವೀನ್ಸಿನ ಜಾಕ್ಸನ್ ಹೈಟ್ಸ್: ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆ ಎಲ್ಲಿದೆ ಎಂಬುದನ್ನೂ ನೋಡಬೇಕು.

ನಾಲ್ಕನೆಯದು ಹಣ ಮತ್ತು ಕಾಗದಪತ್ರ. ರಿಸರ್ವ್ ಬ್ಯಾಂಕಿನ ೨೦೨೦ರ ನಿಯಮದಂತೆ ಹೊಸದಾಗಿ ಕೊಡುವ ಬ್ಯಾಂಕು ಕಾರ್ಡುಗಳು ಮೊದಲಿಗೆ ಭಾರತದೊಳಗೆ ಮಾತ್ರ ನಡೆಯುತ್ತವೆ. ಪರದೇಶದಲ್ಲಿ ನಡೆಯುವಂತೆ ನಾವೇ ಬ್ಯಾಂಕಿಗೆ ಹೇಳಿ ಮಾಡಿಸಿಕೊಳ್ಳಬೇಕು. ಗುಪ್ತ ಸಂಖ್ಯೆ ನಮ್ಮ ಫೋನಿಗೇ ಬರುವುದರಿಂದ, ಇಲ್ಲಿಯ ನಂಬರು ಅಲ್ಲೂ ನಡೆಯುವಂತೆ ಮಾಡಿಕೊಂಡೇ ಹೊರಡಿ. ಹೊಟೇಲಿಗೆ ಹೋದೊಡನೆ ಠೇವಣಿ ಕೇಳುತ್ತಾರೆ. ಕಾರ್ಡಿನಲ್ಲಿ ಅಷ್ಟು ಹಣವನ್ನು ತಡೆಹಿಡಿಯುತ್ತಾರೆ. ಕೋಣೆ ಬಿಟ್ಟಮೇಲೆ ಅದು ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಡೆಬಿಟ್ ಕಾರ್ಡಾದರೆ ನಮ್ಮ ಖಾತೆಯ ಹಣವೇ ಅಷ್ಟು ದಿನ ಸಿಕ್ಕಿಬೀಳುತ್ತದೆ. ಊಟದ ಹಣವನ್ನು ಬೇರೆ ಇಟ್ಟುಕೊಳ್ಳಿ. ನಗದು ಠೇವಣಿಯಾದರೆ ರಸೀದಿ ಕೇಳಿ. ಕಾರ್ಡಿನ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮಿನಲ್ಲಿ ಕೊಡುತ್ತೀರಾ?" ಎಂದು ಕೇಳಿದರೆ ಆ ದೇಶದ ನಾಣ್ಯವನ್ನೇ ಒತ್ತಿ. ರೂಪಾಯಿ ಎಂಬ ಪರಿಚಯದ ಹೆಸರಿನ ಹಿಂದೆ ವಿನಿಮಯದ ದರ ಸಾಮಾನ್ಯವಾಗಿ ನಮಗೆ ನಷ್ಟದ್ದೇ ಆಗಿರುತ್ತದೆ.

ಪಾಸ್‌ಪೋರ್ಟಿನಲ್ಲಿದ್ದ ಹೆಸರೇ ಅಕ್ಷರ ತಪ್ಪದೆ ಹೊಟೇಲಿನ ಕಾಗದದಲ್ಲೂ ಟಿಕೇಟಿನಲ್ಲೂ ಇರಬೇಕು. ನಮ್ಮ ಹಿರಿಯರಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಇದ್ದರೆ ಒಂದೋ ಎರಡೋ ಮೊದಲಕ್ಷರ. ೨೦೨೨ರ ನವೆಂಬರಿನಲ್ಲಿ ದುಬೈ ಸೇರಿದ ಅರಬ್ ಎಮಿರೇಟ್ಸಿನವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ನಿಯಮ ಮಾಡಿದರು. ಇಂಥವರು ಟಿಕೇಟು ತೆಗೆಯುವ ಮೊದಲೇ ವಿಮಾನ ಕಂಪೆನಿಯಲ್ಲಿ ವಿಚಾರಿಸಬೇಕು. ಪಾಸ್‌ಪೋರ್ಟು, ವೀಸಾ, ಹೊಟೇಲಿನ ಕಾಗದ ಇವುಗಳ ಒಂದೊಂದು ನಕಲು ಕಾಗದದಲ್ಲೇ ಇರಲಿ. ಫೋನಿನ ಬ್ಯಾಟರಿ ಸತ್ತ ಗಳಿಗೆಯಲ್ಲಿ ಕಾಗದವೇ ಕಾಯುವುದು.

ಇನ್ನು ಕೋಣೆಯ ಒಳಗಿನ ಮಾತು. ಬಾಗಿಲಿಗೆ ಕೀಲಿಕೈಯ ಬದಲು ಕಾರ್ಡು ಕೊಡುತ್ತಾರೆ. ಅನೇಕ ಕಡೆ ಆ ಕಾರ್ಡನ್ನು ಬಾಗಿಲ ಬಳಿಯ ಗೂಡಿನಲ್ಲಿ ತೂರಿಸಿದರೇ ದೀಪ ಹತ್ತುವುದು. ನಮ್ಮ ಸದಸ್ಯರೊಬ್ಬರು ಒಂದು ರಾತ್ರಿಯೆಲ್ಲ ಕತ್ತಲಲ್ಲಿ ಕಳೆದದ್ದು ಈ ಗುಟ್ಟು ತಿಳಿಯದೆ, ಕೆಳಗೆ ಹೋಗಿ ಕೇಳಲು ನಾಚಿ. ದುಬೈ, ಸಿಂಗಾಪುರ, ಲಂಡನ್ ಮೂರು ಕಡೆಯೂ ವಿದ್ಯುತ್ತಿಗೆ ಚೌಕದ ಮೂರು ಕಡ್ಡಿಯ ಪ್ಲಗ್ಗು. ಅಮೆರಿಕದಲ್ಲಿ ಚಪ್ಪಟೆ ಕಡ್ಡಿಯದು, ವಿದ್ಯುತ್ತೂ ೧೨೦ ವೋಲ್ಟು ಮಾತ್ರ. ಸ್ನಾನದ ಮನೆಯಲ್ಲಿ ಚೊಂಬು ಇರಲಾರದು. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ನಾಚಿಕೆಯೇನಿಲ್ಲ. ಪರದೆ ಇದ್ದರೆ ಅದನ್ನು ತೊಟ್ಟಿಯ ಒಳಕ್ಕೆ ಬಿಟ್ಟು ಸ್ನಾನ ಮಾಡಿ. ಹೊರಗಿನ ನೆಲದಲ್ಲಿ ನೀರು ಹೋಗುವ ದಾರಿ ಇರುವುದಿಲ್ಲ. ಲಂಡನ್, ಸಿಂಗಾಪುರ, ನ್ಯೂಯಾರ್ಕುಗಳಲ್ಲಿ ನಲ್ಲಿಯ ನೀರೇ ಕುಡಿಯಲು ಯೋಗ್ಯ. ಕೋಣೆಯ ಪೆಟ್ಟಿಗೆಯಲ್ಲಿಟ್ಟ ಪಾನೀಯ, ಬಾದಾಮಿ ಮುಟ್ಟಿದರೆ ಹಣ.

ಊದುಬತ್ತಿ, ದೀಪ, ಒಗ್ಗರಣೆ ಇವು ಕೋಣೆಯಲ್ಲಿ ಬೇಡವೇ ಬೇಡ. ಮಾಡಿನಲ್ಲಿ ಹೊಗೆ ಹಿಡಿಯುವ ಯಂತ್ರವಿದೆ. ಅದು ಕೂಗಿಕೊಂಡರೆ ಇಡೀ ಹೊಟೇಲು ಬೀದಿಗೆ ಇಳಿಯುತ್ತದೆ, ದಂಡ ನಮ್ಮ ತಲೆಗೆ. ದೇವರಿಗೆ ಕೈ ಮುಗಿದರೆ ಸಾಕು. ಹಾಸಿಗೆಯ ಮೇಲೆ ಕೂರುವ ಮೊದಲು ಬೆಂಕಿಯ ಮೆಟ್ಟಿಲು ಎಲ್ಲಿದೆ, ನಮ್ಮ ಬಾಗಿಲಿನಿಂದ ಎಷ್ಟನೆಯ ಬಾಗಿಲು ಎಂದು ನಡೆದು ನೋಡಿ ಬನ್ನಿ. ಗಿರಣಿಯಲ್ಲಿ ಹತ್ತಿಯ ಬೆಂಕಿ ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಮೋಸದ ಬಗ್ಗೆಯೂ ಎಚ್ಚರ. ರಾತ್ರಿ ಕೋಣೆಯ ಫೋನು ಬಾರಿಸಿ, "ಕೆಳಗಿನ ಆಫೀಸಿನಿಂದ ಮಾತಾಡುತ್ತಿದ್ದೇವೆ, ಕಾರ್ಡಿನ ನಂಬರು ಇನ್ನೊಮ್ಮೆ ಹೇಳಿ" ಎನ್ನುವ ಕಳ್ಳರಿದ್ದಾರೆ. ಹೊರಡುವ ಮೊದಲೇ "ಹಣ ತಲುಪಿಲ್ಲ, ಇಲ್ಲಿ ಒತ್ತಿ ಮತ್ತೆ ಕಟ್ಟಿ" ಎಂದು ಹೊಟೇಲಿನ ಹೆಸರಿನಲ್ಲೇ ಸಂದೇಶ ಕಳಿಸುವವರೂ ಇದ್ದಾರೆ. ನಂಬರು ಹೇಳಬೇಡಿ, ಒತ್ತಲೂ ಬೇಡಿ. ಕೆಳಗಿಳಿದು ಹೋಗಿ ಅಥವಾ ಹೊಟೇಲಿಗೆ ನೀವೇ ಫೋನು ಮಾಡಿ ಕೇಳಿ. ಹೊರಗೆ ಹೋಗುವಾಗ ಹೊಟೇಲಿನ ವಿಳಾಸದ ಚೀಟಿ ಕಿಸೆಯಲ್ಲಿರಲಿ. ಅಪಾಯಕ್ಕೆ ಪೋಲೀಸರ ನಂಬರು ದುಬೈ, ಸಿಂಗಾಪುರ, ಲಂಡನ್ ಮೂರು ಕಡೆಯೂ ೯೯೯, ಅಮೆರಿಕದಲ್ಲಿ ೯೧೧.

ಕೊನೆಯದಾಗಿ, ನಮ್ಮ ಪತ್ರಿಕೆಯ ಓದುಗರಿಗೆ ಹೇಳಲೇಬೇಕಾದ ಮಾತು. ಆ ಕೋಣೆಯ ಹಾಸಿಗೆ ಹಾಸುವವಳು ನಮ್ಮವಳೇ. ಫಿಲಿಪೈನ್ಸಿನಿಂದಲೋ ನೇಪಾಳದಿಂದಲೋ ಬಂದಿರಬಹುದು. ಆದರೂ ದುಡಿಮೆಯಿಂದ ನಮ್ಮ ಬಂಧು. ಬಕ್ಷೀಸಿನ ಪದ್ಧತಿ ದೇಶಕ್ಕೊಂದು. ಜಪಾನಿನಲ್ಲಿ ಕೊಡುವುದಿಲ್ಲ, ಸಿಂಗಾಪುರದಲ್ಲಿ ಕೊಡಲೇಬೇಕೆಂದಿಲ್ಲ. ಅಮೆರಿಕದಲ್ಲಿ ಕೋಣೆ ಗುಡಿಸುವವರಿಗೆ ದಿನಕ್ಕೆ ಕೆಲವು ಡಾಲರು ಇಡುವುದು ವಾಡಿಕೆ. ದಿನವೂ ಬೇರೆ ಬೇರೆಯವರು ಬರಬಹುದಾದ್ದರಿಂದ ಆಯಾ ದಿನವೇ ಇಡಬೇಕು, ಜೊತೆಗೆ 'ಧನ್ಯವಾದ' ಎಂಬ ಚೀಟಿಯೂ ಇರಬೇಕು. ಇಲ್ಲವಾದರೆ ಮರೆತಿಟ್ಟ ಹಣವೆಂದು ಮುಟ್ಟಲಾರರು. ಲಂಡನ್ನಿನ ಊಟದ ಬಿಲ್ಲಿನಲ್ಲಿ ಸೇವಾಶುಲ್ಕ ಮೊದಲೇ ಸೇರಿದೆಯೇ ನೋಡಿ. ಸೇರಿದ್ದರೆ ಮತ್ತೆ ಕೊಡಬೇಕಾಗಿಲ್ಲ. ಆ ಶುಲ್ಕವೂ ಬಕ್ಷೀಸೂ ಮಾಲೀಕನ ಪಾಲಾಗದೆ ಪೂರ್ತಿಯಾಗಿ ಕಾರ್ಮಿಕರಿಗೇ ಹೋಗಬೇಕೆಂಬ ಕಾಯಿದೆ ಅಲ್ಲಿ ೨೦೨೪ರ ಅಕ್ಟೋಬರ್ ೧ರಿಂದ ಜಾರಿಯಲ್ಲಿದೆ. ನಮ್ಮ ಕಡೆ ಇಂಥ ಕಾಯಿದೆ ಬಂದರೆ ಎಷ್ಟು ಮಾಣಿಗಳ ಮನೆ ಬೆಳಗೀತೆಂದು ಯೋಚಿಸಿ.

ಇನ್ನೊಂದು ಸೂಕ್ಷ್ಮ. "ದಿನಾ ಕೋಣೆ ಗುಡಿಸುವುದು ಬೇಡವೆಂದರೆ ಪರಿಸರಕ್ಕೆ ಒಳ್ಳೆಯದು" ಎಂದು ಅನೇಕ ಹೊಟೇಲುಗಳು ಚೀಟಿ ಇಡುತ್ತವೆ. ನಾವೂ ಅವಳಿಗೆ ಶ್ರಮ ತಪ್ಪಿತೆಂದು ಒಪ್ಪಿಬಿಡುತ್ತೇವೆ. ಆದರೆ ಅಮೆರಿಕದ ಹೊಟೇಲು ಕಾರ್ಮಿಕರು ಹೇಳುವುದೇ ಬೇರೆ: ಇದರಿಂದ ಕೆಲಸದ ತಾಸು ಕಡಿಮೆಯಾಗಿ ಸಂಬಳ ಹೋಗುತ್ತದೆ, ನಾಲ್ಕು ದಿನದ ಕೊಳೆಯನ್ನು ಒಂದೇ ದಿನ, ಅಷ್ಟೇ ಹೊತ್ತಿನಲ್ಲಿ ತೆಗೆಯಬೇಕಾಗುತ್ತದೆ. ಲಾಸ್ ವೇಗಸ್ಸಿನ ಕಾರ್ಮಿಕರು ೨೦೨೩ರ ಒಪ್ಪಂದದಲ್ಲಿ ದಿನಾ ಕೋಣೆ ಗುಡಿಸುವ ಪದ್ಧತಿಯನ್ನು ಹೋರಾಡಿ ಉಳಿಸಿಕೊಂಡರು. ೨೦೨೪ರ ಸೆಪ್ಟೆಂಬರ್ ೧ರಂದು ಅಮೆರಿಕದ ಹಲವು ಊರುಗಳಲ್ಲಿ ಸುಮಾರು ಹತ್ತು ಸಾವಿರ ಹೊಟೇಲು ಕಾರ್ಮಿಕರು ಮುಷ್ಕರ ಹೂಡಿದರು. ಯಾವ ಹೊಟೇಲಿನಲ್ಲಿ ಮುಷ್ಕರವಿದೆ, ಯಾವುದರಲ್ಲಿ ಕಾರ್ಮಿಕರೊಡನೆ ಒಪ್ಪಂದವಿದೆ ಎಂಬ ಪಟ್ಟಿಯನ್ನು ಅಲ್ಲಿಯ 'ಯುನೈಟ್ ಹಿಯರ್' ಸಂಘದವರು 'ಫೇರ್ ಹೊಟೇಲ್' ಎಂಬ ಹೆಸರಿನಲ್ಲಿ ಇಟ್ಟಿದ್ದಾರೆ. ಕೋಣೆ ಗೊತ್ತುಮಾಡುವ ಮೊದಲು ಅದನ್ನೂ ನೋಡಿ. ೧೯೮೨ನ್ನು ಕಂಡ ನಾವು ಇನ್ನೊಬ್ಬರ ಮುಷ್ಕರ ದಾಟಿ ಮಲಗಲು ಹೋಗಬಾರದು.

ಅಂದು ಮೆಟ್ಟಿಲಿನ ಮೇಲೆ ಕುಳಿತಿದ್ದ ನಮ್ಮ ಹಿರಿಯರು ಎರಡನೆಯ ಸಲ ಹೋಗಿಬಂದಿದ್ದಾರೆ. ಈ ಸಲ ಇಲ್ಲಿಂದಲೇ ಚೀಟಿ ಬರೆದುಕೊಂಡು ಹೋದರು. ಬೆಳಿಗ್ಗೆ ಒಂಬತ್ತಕ್ಕೆ ಹೊಟೇಲು ಮುಟ್ಟಿ, ಪೆಟ್ಟಿಗೆ ಒಪ್ಪಿಸಿ, ಒಳಗಿನ ಸೋಫಾದಲ್ಲಿ ಕುಳಿತು, "ಕೋಣೆ ಬೇಗ ಸಿಗುತ್ತದೆಯೇ?" ಎಂದು ತಮಗೆ ಬಂದ ಹಿಂದಿಯಲ್ಲೇ ಕೇಳಿದರಂತೆ. ಹನ್ನೊಂದಕ್ಕೆ ಕೋಣೆ ಸಿಕ್ಕಿತು, ಹೆಚ್ಚಿನ ಹಣವಿಲ್ಲದೆ. ಹೊರಡುವ ದಿನ ಅವರ ಮನೆಯವರು ಒದ್ದೆ ಟವೆಲುಗಳನ್ನೆಲ್ಲ ಒಂದೇ ಕಡೆ ರಾಶಿ ಹಾಕಿ, ಕಸವನ್ನು ಬುಟ್ಟಿಗೆ ಹಾಕಿ ಬಂದರು. ಹಾಗೆ ಮಾಡಿದರೆ ಗುಡಿಸುವವಳ ಬೆನ್ನು ನಾಲ್ಕು ಸಲ ಕಡಿಮೆ ಬಗ್ಗುತ್ತದೆಂಬುದು ದುಡಿದ ಕೈಗೆ ತಾನೇ ಗೊತ್ತು!

ಪರದೇಶಕ್ಕೆ ಹೊರಡುವ ಸದಸ್ಯರು ಒಂದು ತಿಂಗಳು ಮೊದಲೇ ಕಚೇರಿಗೆ ಬನ್ನಿ. ಕಾಗದಗಳನ್ನು ಕೂಡಿ ಓದೋಣ, ತಾರೀಖು ಕೂಡಿ ಎಣಿಸೋಣ. ಹೋಗಿಬಂದವರು ಎಡವಿದ್ದನ್ನು ಮುಚ್ಚಿಡದೆ ಹೇಳಿ. ಒಬ್ಬರು ಎಡವಿದ ಕಲ್ಲು ಇನ್ನೊಬ್ಬರಿಗೆ ಗುರುತಾಗಲಿ. ಮತ್ತು ಎಲ್ಲಿಗೆ ಹೋದರೂ ಮುಂಬಾಗಿಲಿನಿಂದಲೇ ಒಳಗೆ ಹೋಗಿ, ಬಂಧುಗಳೇ. ಹಣ ಕೊಟ್ಟಿದ್ದೇವೆ, ಕೂರೋಣ.